ಹಿಡಿ ಅಕ್ಕಿ ಮೂಸಿದ ಮಳೆಗಾಲ

ಅಕ್ಕಿ ಮಿಲ್ಲಿನಲ್ಲಿ ಬೆಳೆದವರಿಗೆ ಮನುಷ್ಯರ ಮೇಲೆ ನಂಬಿಕೆ ಸ್ವಲ್ಪ ಕಡಿಮೆ. ಪನಮರಂ ಪೇಟೆಯಲ್ಲಿ ನನ್ನಪ್ಪನದೊಂದು ಸಣ್ಣ ಮಿಲ್ಲು ಇತ್ತು. ಭತ್ತ ತಂದವನು ಮೂಟೆಯ ಬಾಯಿಗೆ ಗಟ್ಟಿ ಕಾಳು ಹಾಕಿ ನಡುವೆ ಜೊಳ್ಳು ತುಂಬಿರುತ್ತಿದ್ದ. ಮಿಲ್ಲಿನವನು ತೌಡಿನ ಜೊತೆ ಒಂದಿಷ್ಟು ನುಚ್ಚನ್ನೂ ಒಳಗೆ ಬಿಟ್ಟುಕೊಂಡಿರುತ್ತಿದ್ದ. ಇಬ್ಬರೂ ಹಣೆಗೆ ಗಂಧ ಇಟ್ಟುಕೊಂಡು ಎದುರುಬದುರು ಕೂತು ಚಹಾ ಕುಡಿಯುತ್ತಿದ್ದರು. ಅಪ್ಪ ಮೂಟೆಯ ಹೊಟ್ಟೆಗೆ ಕೊಳವೆ ಚುಚ್ಚಿ, ಬಂದ ಕಾಳನ್ನು ನನ್ನ ಅಂಗೈಗೆ ಸುರಿದು "ಮೂಸು" ಅನ್ನುತ್ತಿದ್ದರು. ಕಣ್ಣಿಗೆ ಮೋಸ ಮಾಡಬಹುದು, ಮೂಗಿಗೆ ಮಾಡುವುದು ಕಷ್ಟ ಎಂಬುದು ಅವರ ಸಿದ್ಧಾಂತ. ಹಾಗಾಗಿ ಅನುಮಾನ ನನಗೆ ಪಿತ್ರಾರ್ಜಿತವಾಗಿ ಬಂದದ್ದು.

ವಯನಾಡು ಹೊಸದಾಗಿ ಜಿಲ್ಲೆಯಾದ ಕಾಲಕ್ಕೆ ನಾನು ಕೊಳವಳ್ಳಿಯಿಂದ ಹೊಳೆಗುಂಟ ಸ್ವಲ್ಪ ಮೇಲಕ್ಕಿದ್ದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಅದು ಸರ್ಕಾರದ ಶಾಲೆಯಲ್ಲ, ಸರ್ಕಾರದ ಅನುದಾನವೂ ಅದಕ್ಕೆ ಇರಲಿಲ್ಲ. ಊರಿನ ಕಮಿಟಿಯೊಂದು ನಡೆಸುತ್ತಿದ್ದ ಸ್ವತಂತ್ರ ಶಾಲೆ. ಪಾಠ ಮಲಯಾಳದಲ್ಲಿ, ಜಗಳ ಕನ್ನಡದಲ್ಲಿ. ನಾನು ಸೇರಿದ ವಾರವೇ ಹೆಡ್‌ಮಾಷ್ ನನ್ನನ್ನು ಕರೆದು, "ನೀವು ಮಿಲ್ಲಿನವರ ಮಗಳಲ್ಲವಾ, ಮಧ್ಯಾಹ್ನದ ಕಂಜಿಯ ಅಕ್ಕಿ ನಿಮ್ಮ ಕೈಯಲ್ಲಿರಲಿ" ಅಂದರು. ಗಂಜಿಗೆ ಅಲ್ಲಿ ಎಲ್ಲರೂ ಕಂಜಿ ಅನ್ನುತ್ತಿದ್ದರು, ಕೆಲವು ದಿನಗಳಲ್ಲಿ ನಾನೂ ಅನ್ನತೊಡಗಿದೆ.

ಅಕ್ಕಿ ಬರುತ್ತಿದ್ದುದು ಹಿಡಿ ಲೆಕ್ಕದಲ್ಲಿ. ಮನೆಯ ಹೆಂಗಸು ಅನ್ನಕ್ಕೆ ಅಕ್ಕಿ ಅಳೆದು, ತೊಳೆಯುವ ಮೊದಲು ಅದರಿಂದಲೇ ಒಂದು ಹಿಡಿ ತೆಗೆದು ಶಾಲೆಯ ಮಡಕೆಗೆ ಹಾಕಬೇಕು. ವಾರವಿಡೀ ಹಾಗೆ ಕೂಡಿದ್ದನ್ನು ಸೋಮವಾರ ಮಕ್ಕಳು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ತರುತ್ತಿದ್ದರು. ಈ ಪದ್ಧತಿ ಹಾಕಿಕೊಟ್ಟವರು ಶಾಲೆ ಶುರು ಮಾಡಿದ ಹಳೇ ಮಾಷ್. ನಾನು ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಶಾಲೆ ಯಾರ ಕೊಡುಗೆಯಿಂದ ಎದ್ದಿತು ಎಂದು ಕೇಳಿದರೆ ಮನೆಗೊಂದು ಕಥೆ ಹೇಳುತ್ತಿದ್ದರು. ಜಾಗ ಕೊಟ್ಟವರು ಕಮಿಟಿ ಅಧ್ಯಕ್ಷರ ತಂದೆ ಎಂಬುದನ್ನು ಅಧ್ಯಕ್ಷರು ಯಾರೂ ಮರೆಯಲು ಬಿಡುತ್ತಿರಲಿಲ್ಲ. ಬಿದಿರು ಕಡಿದು ಹುಲ್ಲು ಹೊದಿಸಿದವರು ಕಾಡಂಚಿನ ಆದಿವಾಸಿ ಹಾಡಿಯವರು ಎಂಬುದನ್ನು ಯಾರೂ ತಾವಾಗಿ ಹೇಳುತ್ತಿರಲಿಲ್ಲ, ಕೇಳಿದರೆ ಹೌದು ಅನ್ನುತ್ತಿದ್ದರು. ಅಕ್ಕಿಯ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಗದ್ದೆಯ ಮನೆಯಾಗಲಿ ಹಾಡಿಯ ಗುಡಿಸಲಾಗಲಿ, ಶಾಲೆಗೆ ಮಗು ಬರುವ ಪ್ರತಿ ಮನೆಯ ಹಿಡಿಯೂ ಒಂದೇ ಪಾತ್ರೆಗೆ ಬೀಳಬೇಕು.

ಒಂದೇ ಪಾತ್ರೆ ಎನ್ನುವುದು ಕೇಳಲು ಚಂದ, ಬೇಯಿಸುವುದು ತಲೆನೋವು. ಒಂದು ಮನೆಯ ಕೆಂಪಕ್ಕಿ ಬೇಯುವಷ್ಟರಲ್ಲಿ ಇನ್ನೊಂದು ಮನೆಯ ಬಿಳಿ ಅಕ್ಕಿ ಅಂಟಾಗಿರುತ್ತಿತ್ತು. ಕುಚ್ಚಲಕ್ಕಿ ಬೇರೆ, ಹಸಿ ಅಕ್ಕಿ ಬೇರೆ. ಬಂದ ಅಕ್ಕಿಯನ್ನು ಜಾತಿ ನೋಡಿ ಬೇರೆಬೇರೆ ಡಬ್ಬಕ್ಕೆ ಹಾಕಿ, ಗಟ್ಟಿಯದನ್ನು ಮೊದಲು, ಮೆತ್ತನೆಯದನ್ನು ಆಮೇಲೆ ಕುದಿಯುವ ನೀರಿಗೆ ಬಿಡುವ ಕ್ರಮ ಮಾಡಿಕೊಂಡೆ. ಅಕ್ಕಿಯಲ್ಲಿ ಮಾತ್ರ ಜಾತಿ ನೋಡುತ್ತೀರಲ್ಲಾ ಎಂದು ಅಡುಗೆಯಾಕೆ ನನ್ನನ್ನು ಗೇಲಿ ಮಾಡುತ್ತಿದ್ದಳು. ಕೆಲಸ ಸುಸೂತ್ರವಾಗಿ ನಡೆಯುತ್ತಿತ್ತು.

ಆ ವರ್ಷದ ಕರ್ಕಟಕದ, ನಮ್ಮ ಆಷಾಢದ, ಮಳೆಯಲ್ಲಿ ಒಂದು ದಿನ ಕಂಜಿ ಕುಡಿದ ಮಕ್ಕಳು ಸಾಲಾಗಿ ವಾಂತಿ ಮಾಡಿಕೊಂಡರು. ಯಾರಿಗೂ ಅಪಾಯವಾಗಲಿಲ್ಲ, ಸಂಜೆಗೆಲ್ಲ ಎದ್ದು ಓಡಾಡಿದರು. ಆದರೆ ಹೊತ್ತು ಬಹಳ ಕೆಟ್ಟದಾಗಿತ್ತು. ಮೊದಲು ಪರಿಶೀಲನೆಗೆ ಅಧಿಕಾರಿ ಬರಬೇಕಾದರೆ ಕೋಯಿಕ್ಕೋಡಿನಿಂದ ಚುರದ, ಅಂದರೆ ಘಾಟಿಯ, ರಸ್ತೆ ಹತ್ತಿ ಬರಬೇಕಿತ್ತು, ಹಾಗಾಗಿ ಯಾರೂ ಬರುತ್ತಿರಲಿಲ್ಲ. ಈಗ ಕಲ್ಪೆಟ್ಟದಲ್ಲೇ ಹೊಸ ಕಚೇರಿ, ಹೊಸ ಕುರ್ಚಿ, ಹೊಸ ಹುರುಪು. ಶಾಲೆಯ ಮಾನ್ಯತೆಯ ಬಗ್ಗೆ ನೋಡಲು ಇನ್ಸ್‌ಪೆಕ್ಟರ್ ಬರುತ್ತಾರೆಂದು ಆಗಲೇ ಸುದ್ದಿ ಬಂದಿತ್ತು.

ಕಮಿಟಿ ತುರ್ತಾಗಿ ಸೇರಿತು. ಅಧ್ಯಕ್ಷರು ನಮ್ಮ ಕಡೆಯ ದೊಡ್ಡ ಗದ್ದೆಯವರು. ಅವರ ಹಿರಿಯರು ಎಂದೋ ಹೊಳೆಯಾಚೆಯ ಮೈಸೂರು ಸೀಮೆಯಿಂದ ಬಂದು ನೆಲೆಸಿದವರು. ಮೆದುವಾಗಿ ಮಾತಾಡುವ ಮನುಷ್ಯ, ಮೆದುವಾಗಿ ಮಾತಾಡುವವರ ಬಗ್ಗೆ ನನಗೆ ಮೊದಲಿಂದಲೂ ಅನುಮಾನ.

"ಟೀಚರೇ, ಇದಕ್ಕೆ ದೊಡ್ಡ ಬುದ್ಧಿ ಬೇಡ," ಅಂದರು. "ಭತ್ತ ಬೆಳೆಯೋರ ಮನೆಯಿಂದ ಕೆಟ್ಟ ಅಕ್ಕಿ ಬರ್ತದಾ, ಬೆಳೆಯದೋರ ಮನೆಯಿಂದ ಬರ್ತದಾ?"

ಇನ್ನೊಬ್ಬ ಸದಸ್ಯರು ದನಿ ಸೇರಿಸಿದರು. "ಗದ್ದೆಯೇ ಇಲ್ಲದ ಹಾಡಿಯೋರಿಗೆ ಅಕ್ಕಿ ಎಲ್ಲಿಂದ ಬಂತು ಅಂತ ಮೊದಲು ಕೇಳಬೇಕು. ಯಾರ ಕಣದಿಂದ ಹಾರಿ ಬಂತೋ ಏನೋ."

ಅಧ್ಯಕ್ಷರು ಒಂದು ಪರಿಹಾರವನ್ನೂ ಕೈಯಲ್ಲೇ ಹಿಡಿದು ಬಂದಿದ್ದರು. ಪನಮರಂನ ಒಬ್ಬ ವ್ಯಾಪಾರಿ ತಿಂಗಳು ತಿಂಗಳು ಅಕ್ಕಿ ಮೂಟೆ ಕಳಿಸಲು ಒಪ್ಪಿದ್ದನಂತೆ. ಅವನ ತಂದೆಯ ಹೆಸರು ಶಾಲೆಯ ಮುಂಭಾಗದಲ್ಲಿ ಬರೆಸಬೇಕು, ಈ ಹಿಡಿ ಅಕ್ಕಿಯ ಪದ್ಧತಿ ನಿಲ್ಲಬೇಕು. ಆ ವ್ಯಾಪಾರಿಯ ತಕ್ಕಡಿ ನನಗೆ ಮಿಲ್ಲಿನ ದಿನಗಳಿಂದ ಗೊತ್ತು. ಶಾಲೆಯ ಜಾಗ ಬಸ್ಸಿನ ರಸ್ತೆಗೆ ಮುಖ ಮಾಡಿದೆ ಎಂಬುದೂ ಗೊತ್ತು. ಎರಡೂ ನನ್ನ ತಲೆಯಲ್ಲಿ ತಾವಾಗಿಯೇ ಗಂಟು ಹಾಕಿಕೊಂಡವು.

"ಎಲ್ಲರ ಅಕ್ಕಿಯನ್ನೂ ನೋಡದೆ ಒಬ್ಬರನ್ನು ದೂರುವುದು ಸರಿಯಲ್ಲ. ಮುಂದಿನ ಸಭೆಯವರೆಗೆ ಸಮಯ ಕೊಡಿ," ಅಂದೆ.

"ನೋಡಿ. ಆದರೆ ನೀವು ನೋಡಿ ಮುಗಿಯೋವರೆಗೆ ಹಾಡಿ ಅಕ್ಕಿ ತಗೋಬೇಡಿ. ಮಕ್ಕಳು ಬರಲಿ, ಊಟ ಮಾಡಲಿ. ಬೇಡ ಅಂದೋರು ಯಾರು?" ಅಂದರು ಅಧ್ಯಕ್ಷರು.

ಹಾಡಿಯಿಂದ ಅಕ್ಕಿ ಮಾತ್ರ ಬೇಡ, ಮಕ್ಕಳು ಬೇಕು. ಕೇಳಲು ಎಷ್ಟು ಧಾರಾಳದ ಮಾತು! ಹೆಡ್‌ಮಾಷ್ ತಲೆಯಾಡಿಸಿದರು. ಮರುದಿನದಿಂದ ಹಾಡಿಯ ಮಕ್ಕಳು ಬರುವುದನ್ನೇ ನಿಲ್ಲಿಸಿಬಿಟ್ಟರು. ಎರಡನೇ ಕ್ಲಾಸಿನಲ್ಲಿ ಮುಂದಿನ ಮಣೆ ಖಾಲಿಯಾಯಿತು. ಅಲ್ಲಿ ಕೂರುತ್ತಿದ್ದ ಒಂದು ಹುಡುಗಿ ಆಗಷ್ಟೇ ತಪ್ಪಿಲ್ಲದೆ ಓದಲು ಕಲಿತಿದ್ದಳು. ಮಳೆಗಾಲ ಮುಗಿಯುವವರೆಗೆ ಹೀಗೇ ಬಿಟ್ಟರೆ ಅವಳು ಮತ್ತೆ ಬರುವುದಿಲ್ಲ, ನಾಟಿ ಗದ್ದೆಗೆ ಇಳಿಯುತ್ತಾಳೆ ಎಂಬುದು ನನಗೆ ಖಾತ್ರಿಯಿತ್ತು. ಸಿಟ್ಟು ಬಂತು. ಸಿಟ್ಟಿನಲ್ಲೇ ಕೆಲಸ ಶುರು ಮಾಡಿದೆ.

ಮೊದಲು ಅನುಮಾನಪಟ್ಟದ್ದು ನಮ್ಮ ಡಬ್ಬಗಳನ್ನು. ಸೂರು ಸೋರಿ ನೀರು ಬಿದ್ದಿದೆಯೇ ಎಂದು ತಳದವರೆಗೆ ಕೈ ಹಾಕಿ ನೋಡಿದೆ. ಒಣಗಿದ್ದವು. ಆಮೇಲೆ ಅಡುಗೆಯಾಕೆಯನ್ನು. ಕೇಳಿದ್ದಕ್ಕೆ ಅವಳು ಸೌಟು ನೆಲಕ್ಕೆ ಕುಕ್ಕಿ, "ಟೀಚರೇ, ನಾಳೆಯಿಂದ ನೀವೇ ಬೇಯಿಸಿ, ನಾನು ನಿಂತು ಅನುಮಾನ ಪಡ್ತೀನಿ" ಅಂದಳು. ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಸಾಕುಬೇಕಾಯಿತು.

ಸೋಮವಾರ ಗಂಟುಗಳನ್ನು ಡಬ್ಬಕ್ಕೆ ಸುರಿಯಲು ಬಿಡದೆ, ಬಂದ ಹಾಗೆ ಸಾಲಾಗಿ ಇಡಿಸಿದೆ. ಒಂದೊಂದನ್ನೂ ಮೊರಕ್ಕೆ ಹರವಿ ನೋಡುವುದು. ಒಂದು ಕಾಳು ಮುಂದಿನ ಹಲ್ಲಿಗೆ ಕೊಟ್ಟು ಕಡಿಯುವುದು. ಒಣ ಅಕ್ಕಿ ಟಕ್ ಅನ್ನುತ್ತದೆ, ತೇವದ್ದು ಸದ್ದಿಲ್ಲದೆ ಬಿಟ್ಟುಕೊಡುತ್ತದೆ. ಅಂಗೈಯಲ್ಲಿ ಉಜ್ಜಿದರೆ ಹಿಟ್ಟು ಅಂಟಿತೋ, ಒಳಗೆ ಹುಳ ಮನೆ ಮಾಡಿದೆ ಎಂದರ್ಥ. ನೀರಿಗೆ ಹಾಕಿದರೆ ಪೊಳ್ಳು ತೇಲುತ್ತದೆ. ಕೊನೆಯದು ಅಪ್ಪನ ವಿದ್ಯೆ. ಮುಷ್ಟಿಯಲ್ಲಿ ಅಕ್ಕಿ ಹಿಡಿದು, ಬೆರಳ ಸಂದಿನಿಂದ ಬಿಸಿ ಉಸಿರು ಊದಿ, ಒಡನೆ ಮೂಸುವುದು. ಮಲಗಿದ್ದ ಮುಗ್ಗಲು ವಾಸನೆ ಆಗ ಏಳುತ್ತದೆ.

ನಾನು ಹೀಗೆ ಮೂಸುತ್ತಿದ್ದ ಸುದ್ದಿ ಮಕ್ಕಳ ಬಾಯಲ್ಲಿ ಮನೆ ಮನೆಗೂ ಹೋಯಿತು. ಮಂಗಳವಾರ ಒಬ್ಬ ತಾಯಿ ಬಾಗಿಲಿಗೇ ಬಂದಳು.

"ದಾನಕ್ಕೆ ಬಂದ ಎಮ್ಮೆ ಹಲ್ಲು ಎಣಿಸ್ತೀರಂತೆ? ಕೊಡೋದೂ ಕೊಟ್ಟು, ಅನ್ನಿಸಿಕೊಳ್ಳೋದೂ ನಾವೇನಾ?"

"ಎಲ್ಲರದೂ ನೋಡ್ತಿದ್ದೀನಿ ಅಕ್ಕಾ, ನಿಮ್ಮದೊಂದೇ ಅಲ್ಲ."

"ಎಲ್ಲರನ್ನೂ ಕಳ್ಳರು ಅಂದರೆ ನನಗೆ ಬೇಜಾರಾಗಲ್ಲ ಅಂದುಕೊಂಡ್ರಾ?" ಅಂದಳು. ಮುಂದಿನ ವಾರ ಅವಳ ಮನೆಯ ಗಂಟು ಬರಲಿಲ್ಲ. ಇನ್ನೂ ಕೆಲವು ಮನೆಗಳದು ಸೊರಗಿ ಬಂತು.

ಗದ್ದೆ ಮನೆಗಳ ಅಕ್ಕಿಯಲ್ಲಿ ಮುಗ್ಗಲು ಇರಲಿಲ್ಲ, ಆದರೆ ಬೇರೊಂದು ಸತ್ಯ ಸಿಕ್ಕಿತು. ಸುವಾಸನೆಯ ಗಂಧಕಸಾಲೆ ಬೆಳೆದು ಉಣ್ಣುವ ಮನೆಯ ಗಂಟಿನಲ್ಲಿ ರೇಷನ್ ಅಂಗಡಿಯ ಅಕ್ಕಿ ಇತ್ತು. ಕೆಂಪಕ್ಕಿಯ ಮನೆಯಿಂದ ನುಚ್ಚು ಬಂದಿತ್ತು. ಅಳೆದ ಅಕ್ಕಿಯಿಂದ ಹಿಡಿ ತೆಗೆಯುವುದನ್ನು ಎಲ್ಲರೂ ಯಾವಾಗಲೋ ಬಿಟ್ಟಿದ್ದರು. ಶಾಲೆಗೆಂದೇ ಬೇರೆ ಅಕ್ಕಿ ಇಟ್ಟುಕೊಂಡು ಅದನ್ನು ಕಟ್ಟಿ ಕಳಿಸುತ್ತಿದ್ದರು. ಅಧ್ಯಕ್ಷರ ಮನೆಯದೂ ಹಾಗೇ, ಬಿಳಿಯ, ಒಣಗಿದ, ಯಾವ ವಾಸನೆಯೂ ಇಲ್ಲದ ರೇಷನ್ ಅಕ್ಕಿ. ಈ ಅಕ್ಕಿಯಿಂದ ಯಾರಿಗೂ ವಾಂತಿಯಾಗುವುದಿಲ್ಲ, ಬಾಯಿ ಚಪ್ಪರಿಸುವುದೂ ಇಲ್ಲ.

ಹಾಡಿಯ ಹಳೆಯ ಗಂಟೊಂದು ಮೂಲೆಯಲ್ಲಿ ಉಳಿದಿತ್ತು. ಅದನ್ನು ಬಿಚ್ಚಿ ಮುಷ್ಟಿಗೆ ಉಸಿರು ಊದಿದೆ. ಮೂಗು ತಾನಾಗಿ ಹಿಂದೆ ಸರಿಯಿತು. ಮುಗ್ಗಲು, ಕಪ್ಪು ಕಾಳು, ಹುಳದ ಹಿಟ್ಟು, ಎಲ್ಲವೂ ಇದ್ದವು. ಅಧ್ಯಕ್ಷರು ಹೇಳಿದ್ದೇ ನಿಜವಾಯಿತಲ್ಲ ಎಂದು ನನಗೆ ಬಹಳ ಸಂಕಟವಾಯಿತು. ಆದರೂ ಮೊರ ಕೆಳಗಿಡಲು ಮನಸ್ಸು ಒಪ್ಪಲಿಲ್ಲ. ಇನ್ನೊಮ್ಮೆ ಹರವಿ ನೋಡಿದಾಗ ಅಕ್ಕಿಯ ನಡುವೆ ಒಣಗಿ ಕರಿದಾದ ಎಲೆಚೂರುಗಳು ಕಂಡವು. ತಿಕ್ಕಿ ಮೂಸಿದರೆ ಲಕ್ಕಿ ಸೊಪ್ಪು.

ಲಕ್ಕಿ ಸೊಪ್ಪು ಹುಳ ಬಾರದಂತೆ ಭತ್ತದ ನಡುವೆ ಪದರ ಪದರವಾಗಿ ಹಾಸುವ ಎಲೆ. ವರ್ಷಗಟ್ಟಲೆ ಭತ್ತ ತುಂಬಿಡುವ ಪತ್ತಾಯ, ಅಂದರೆ ಕೋಣೆಯಷ್ಟಗಲದ ಮರದ ಪೆಟ್ಟಿಗೆ, ಇರುವವರು ಮಾತ್ರ ಹಾಕುತ್ತಾರೆ. ಅಂದಂದಿನದು ಅಂದಂದೇ ಕುಟ್ಟಿ ಉಣ್ಣುವ ಹಾಡಿಯಲ್ಲಿ ಅದಕ್ಕೆ ಏನು ಕೆಲಸ? ಆ ಸುತ್ತಿನಲ್ಲಿ ಅಷ್ಟು ದೊಡ್ಡ ಪತ್ತಾಯ ಇದ್ದದ್ದು ಒಂದೇ ಮನೆಯಲ್ಲಿ, ಅಧ್ಯಕ್ಷರ ಮನೆಯಲ್ಲಿ.

ಹಾಗಾದರೆ ಕದ್ದದ್ದೇ? ನನ್ನ ಅನುಮಾನ ಮೊದಲು ಹೋದದ್ದು ಅಲ್ಲಿಗೇ. ಆದರೆ ಕದಿಯುವವರು ಕೊಳೆತ ಭತ್ತವನ್ನೇಕೆ ಕದಿಯುತ್ತಾರೆ ಎಂದು ಮಿಲ್ಲಿನ ಬುದ್ಧಿ ಕೇಳಿತು. ಕೊಡೆ ಹಿಡಿದು ಹಾಡಿಗೆ ಹೊರಟೆ.

ಎರಡನೇ ಕ್ಲಾಸಿನ ಆ ಹುಡುಗಿಯ ಅಜ್ಜಿ ಗುಡಿಸಲ ಮುಂದೆ ಒನಕೆ ಹಿಡಿದಿದ್ದಳು. ಅವಳ ಮಗ ಸೊಸೆ ಕೊಡಗಿನ ಕಡೆ ಕೂಲಿಗೆ ಹೋಗಿದ್ದರು, ಮೊಮ್ಮಗಳು ಅವಳ ಜೊತೆ. ನನ್ನನ್ನು ನೋಡಿ ಕುಟ್ಟುವುದನ್ನು ನಿಲ್ಲಿಸಲಿಲ್ಲ. ಒರಳಿನ ಪಕ್ಕದ ಕುಕ್ಕೆಯಲ್ಲಿ ಭತ್ತ ಇತ್ತು. ಕಪ್ಪು ಹಿಡಿದ ಹೊಟ್ಟು, ನಡುವೆ ಲಕ್ಕಿ ಎಲೆ.

"ಮೊಮ್ಮಗಳನ್ನು ಯಾಕೆ ಕಳಿಸ್ತಿಲ್ಲ ಅಜ್ಜೀ?"

"ಅಕ್ಕಿ ವೇಂಡ ಅಂದ್ರಲ್ಲ ಟೀಚರವ್ವಾ."

"ಅಕ್ಕಿ ಬೇಡ ಅಂದ್ರು ನಿಜ. ಮಗು ಬರಲಿ ಅಂದಿದ್ದಾರೆ."

ಅವಳು ಒನಕೆ ಗೋಡೆಗೆ ಒರಗಿಸಿದಳು. "ಹಳೇ ಮಾಷ್ ಇಲ್ಲಿಗೆ ಬಂದು, ಇಗೋ ಈ ಕಲ್ಲ ಮೇಲೆ ಕುಂತು, 'ನನ್ನ ಸ್ಕೂಲಿಗೆ ಒಂದು ಹಿಡಿ ಅಕ್ಕಿ ಕೊಡ್ತೀರಾ' ಅಂತ ಕೈ ನೀಡುದ್ರು. ನಮ್ಮತ್ರ ಯಾರೂ ಹಂಗೆ ಕೇಳಿರ್ನಿಲ್ಲ. ಬರೋರೆಲ್ಲಾ ಕೊಡಕ್ಕೇ ಬರೋರು. ಹಳೆ ಬಟ್ಟೆ ಕೊಡೋರು, ಬುದ್ಧಿ ಕೊಡೋರು. ಅವರು ಕೇಳುದ್ರು. ಅದಕ್ಕೇ ಮಕ್ಕಳ್ನ ಕಳಿಸ್ದೋ. ನಮ್ಮ ಅಕ್ಕಿನೂ ಬೆಂದದೆ ಅಂತ ಉಣ್ತಾವೆ ಅವು. ಈಗ ಬರೀ ಕೈಲಿ ಹೋಗಿ ಉಣ್ಣು ಅಂದ್ರೆ, ಅದು ತಿರುದು ಉಂಡಂಗೆ ಅಲ್ವಾ?"

ನಾನು ಕುಕ್ಕೆಯ ಭತ್ತಕ್ಕೆ ಕೈ ಹಾಕಿದೆ. "ಇದು ಎಲ್ಲಿಯದು?"

ಅವಳು ಕೆಳಗಿನ ಗದ್ದೆಯ ಕಡೆ ಒಮ್ಮೆ ನೋಡಿ ಮತ್ತೆ ಒನಕೆ ಎತ್ತಿಕೊಂಡಳು. ನಾಟಿ ನಡೆಯುತ್ತಿದ್ದ ಆ ಗದ್ದೆ ಅಧ್ಯಕ್ಷರದು.

ಅಂದು ಸಂಜೆ ನಾಟಿಯವರು ಕೈಕಾಲು ತೊಳೆದು ಬದುವಿನ ಮೇಲೆ ನಿಂತಿದ್ದಾಗ ನಾನೂ ದಾರಿಹೋಕಳಂತೆ ಅಲ್ಲಿ ನಿಂತೆ. ಕೂಲಿ ಹಣವೆಂದು ಒಂದಿಷ್ಟು ಕೊಟ್ಟು, ಅದರ ಮೇಲೆ ಹಾಡಿಯ ಹೆಂಗಸರ ಸೆರಗಿಗೆ ಮಾತ್ರ ಅದೇ ಕಪ್ಪು ಹಿಡಿದ ಭತ್ತ ಸುರಿಯುತ್ತಿದ್ದರು. ಅಧ್ಯಕ್ಷರೇ ಕೊಡೆ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಮುಜುಗರಪಡುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಮುಖ ಅರಳಿತು.

"ಹಣ ಕೊಟ್ಟರೆ ಕಳ್ಳಿನಂಗಡಿಗೆ ಹೋಗ್ತದೆ ಟೀಚರೇ. ಅದಕ್ಕೆ ಕೂಲಿಯಲ್ಲಿ ಸ್ವಲ್ಪ ಹಿಡಿದುಕೊಂಡು ಭತ್ತ ಕೊಡ್ತೀನಿ. ಕರ್ಕಟಕದಲ್ಲಿ ಹಸಿದೋರಿಗೆ ಧರ್ಮ ಮಾಡಬೇಕು ಅಂತ ನಮ್ಮ ತಂದೆ ಹೇಳ್ತಿದ್ರು."

ನಿಜ ಹೇಳುತ್ತೇನೆ, ಅವರು ಸುಳ್ಳಾಡುತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಮನುಷ್ಯ ತಾನು ದಾನ ಮಾಡುತ್ತಿದ್ದೇನೆಂದು ಪೂರ್ತಿ ನಂಬಿದ್ದರು. ಕೂಲಿಯಲ್ಲಿ ಹಿಡಿದು, ಪತ್ತಾಯದ ತಳದ ಭತ್ತವನ್ನು ಧರ್ಮವೆಂದು ಕೊಡುವುದು. ಆ ಭತ್ತವನ್ನು ಹಾಡಿಯವರು ಕುಟ್ಟಿ, ಉಣ್ಣುವುದರಲ್ಲೇ ಒಂದು ಹಿಡಿ ತೆಗೆದು ಶಾಲೆಗೆ ಧರ್ಮವೆಂದು ಕೊಡುವುದು. ಶಾಲೆಯಲ್ಲಿ ಅಧ್ಯಕ್ಷರು ಕೂತು ಅದನ್ನು ಕೆಟ್ಟ ಅಕ್ಕಿ ಅನ್ನುವುದು.

ಮನೆಗೆ ಬಂದು ಕೂತರೂ ಮನಸ್ಸು ನಿಲ್ಲಲಿಲ್ಲ. ಹಳೇ ಮಾಷ್ ಹಾಕಿಕೊಟ್ಟ ಪದ್ಧತಿಯನ್ನು ಉಳಿಸಿಕೊಂಡಿದ್ದವರು ಹಾಡಿಯವರು ಮಾತ್ರ. ತಾವು ಉಣ್ಣುವುದನ್ನೇ ಅವರು ಕೊಟ್ಟಿದ್ದರು. ಅಂದರೆ ಒಂದು ಮಧ್ಯಾಹ್ನ ಕುಡಿದದ್ದಕ್ಕೆ ನಮ್ಮ ಮಕ್ಕಳು ವಾಂತಿ ಮಾಡಿಕೊಂಡ ಅಕ್ಕಿಯನ್ನು ಅವರ ಮಕ್ಕಳು ಪ್ರತಿ ರಾತ್ರಿ ಉಂಡು ಮಲಗುತ್ತಿದ್ದರು.

ಈಗ ಅತ್ತ ದರಿ ಇತ್ತ ಪುಲಿ. ಸಭೆಯಲ್ಲಿ ಎದ್ದು ನಿಂತು ಹೇಳಿದರೆ ಅಧ್ಯಕ್ಷರು ಮೊದಲು ಕೇಳುವುದು, ನಿಮಗೆ ಹೇಳಿದವರು ಯಾರು ಎಂದು. ಹೇಳಿದವರು ಯಾರೂ ಇಲ್ಲದಿದ್ದರೂ ಅವರ ಗದ್ದೆಯಲ್ಲಿ ಮುದುಕಿಯ ಕೆಲಸ ಹೋಗುತ್ತದೆ. ಅಥವಾ ಕೊಡಲೇ ಇಲ್ಲ ಅನ್ನುತ್ತಾರೆ, ಆಗ ಅದು ಕದ್ದ ಭತ್ತವಾಗುತ್ತದೆ. ಹೇಳದಿದ್ದರೆ ಮುಂದಿನ ಮಣೆ ಖಾಲಿಯೇ. ಹೆಡ್‌ಮಾಷ್‌ಗೆ ವಿಷಯ ತಿಳಿಸಿದೆ. ಅವರು ಬಾಗಿಲು ಮುಚ್ಚಿ ಬಂದು ಮೆಲ್ಲಗೆ, "ಟೀಚರೇ, ಶಾಲೆ ಜಾಗ ಅವರದ್ದು" ಅಂದರು.

"ಕೊಟ್ಟಾಯಿತಲ್ಲ ಮಾಷೇ, ಈಗ ಶಾಲೆಯದು."

"ಕೊಟ್ಟವರು ಮರೆತರೆ ತಾನೇ ಅದು ನಮ್ಮದು," ಅಂದರು. ಪಾಪ, ಅವರ ಭಯ ಅವರಿಗೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಬಾಯಿ ಮುಚ್ಚಿಕೊಂಡಿರಬೇಕು, ಅಕ್ಕಿಯೇ ಮಾತಾಡಬೇಕು ಎಂದು ತೀರ್ಮಾನಿಸಿದೆ. ಇದುವರೆಗೆ ಅಕ್ಕಿಯ ಬಗ್ಗೆ ಮಾತಾಡಿದವರೆಲ್ಲ ಗಂಡಸರು, ಅಕ್ಕಿ ಕೊಟ್ಟವರೆಲ್ಲ ಹೆಂಗಸರು. ಸಭೆಯ ದಿನ ಬೆಳಿಗ್ಗೆ ಕಮಿಟಿ ಸೇರುವ ಮೊದಲು, ಇನ್ಸ್‌ಪೆಕ್ಟರ್ ಬರುವುದರೊಳಗೆ ತಾಯಂದಿರೇ ಕಂಜಿಯ ರುಚಿ ನೋಡಬೇಕು ಎಂದು ಮಕ್ಕಳ ಕೈಯಲ್ಲಿ ಮನೆ ಮನೆಗೆ ಹೇಳಿ ಕಳಿಸಿದೆ. ಅಧ್ಯಕ್ಷರ ಹೆಂಡತಿಯನ್ನು ಮಾತ್ರ ಮನೆಗೇ ಹೋಗಿ ಕರೆದೆ. ಊರೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದ ಆಕೆಯ ಸೊಂಟದಲ್ಲಿ ಸದಾ ಬೀಗದ ಕೈ ಗೊಂಚಲು. "ನನ್ನನ್ನ್ಯಾಕೆ ಕರೀತೀ? ನಮ್ಮ ಅಕ್ಕಿ ಮೇಲೂ ಸಂಶಯವಾ?" ಅಂದರು. "ಎಲ್ಲರ ಮೇಲೂ ಇದೆ ದೊಡ್ಡಮ್ಮ" ಅಂದೆ. ನಗುತ್ತಲೇ ಒಪ್ಪಿದರು. ಹಾಡಿಯ ಅಜ್ಜಿಗೂ ಹೇಳಿ ಬಂದೆ. ಅವಳು ಬರುತ್ತಾಳೆಂಬ ನಂಬಿಕೆ ನನಗಿರಲಿಲ್ಲ.

ಅಂದು ಅಡುಗೆಯಾಕೆಯೂ ನಾನೂ ಮನೆಗೊಂದರಂತೆ ಸಣ್ಣ ಸಣ್ಣ ಮಡಕೆಗಳಲ್ಲಿ ಕಂಜಿ ಬೇಯಿಸಿದೆವು. ಯಾವುದು ಯಾರದೆಂದು ಯಾರಿಗೂ ಗೊತ್ತಾಗಬಾರದು. ಅದಕ್ಕೆ ಒಂದೊಂದು ಮಡಕೆಯ ಕೆಳಗೂ ಬೇರೆಬೇರೆ ಮರದ ಎಲೆ ಇಟ್ಟೆ. ಅಧ್ಯಕ್ಷರ ಮನೆಯದಕ್ಕೆ ಮಾವಿನೆಲೆ, ಹಾಡಿಯದಕ್ಕೆ ಹಲಸಿನೆಲೆ. ಗುರುತು ನನಗೂ ಅಡುಗೆಯಾಕೆಗೂ ಮಾತ್ರ ಗೊತ್ತು.

ಹೆಂಗಸರು ಬಂದರು. ಮುಖ ಗಂಟಿಕ್ಕಿಕೊಂಡು, ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತ ಸಾಲು ಹಿಡಿದರು. ಜಗಳಕ್ಕೆ ಬಂದಿದ್ದ ತಾಯಿ ಒಂದು ಮಡಕೆಗೆ ಬಗ್ಗಿ, "ಥೂ, ಇದು ರೇಷನ್ ಅಂಗಡೀದು. ಯಾರಪ್ಪಾ ಶಾಲೆಗೆ ಇಂಥದ್ದು ಕೊಡೋರು!" ಅಂದಳು. ಅದು ಅವಳ ಮನೆಯದೇ, ಹಿಂದಿನ ಗಂಟಿನಿಂದ ಉಳಿಸಿಟ್ಟದ್ದು. ಇನ್ನಿಬ್ಬರು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವರಂತೆ, ಯಾರೂ ಕೇಳದೆಯೇ, ತಮ್ಮ ಮನೆಯಲ್ಲಿ ಈ ತಿಂಗಳು ಮಾತ್ರ ರೇಷನ್ ಅಕ್ಕಿ ಎಂದು ವಿವರಿಸತೊಡಗಿದರು.

ದೊಡ್ಡಮ್ಮ ಹಲಸಿನೆಲೆಯ ಮಡಕೆಯ ಹತ್ತಿರ ಬಂದು ಮುಚ್ಚಳ ತೆಗೆದರು. ಹಬೆ ಮುಖಕ್ಕೆ ಬಡಿಯಿತು. ಇನ್ನೊಮ್ಮೆ ಬಗ್ಗಿ ಮೂಸಿದರು. ಸೌಟಿನಿಂದ ಸ್ವಲ್ಪ ಅಂಗೈಗೆ ಹಾಕಿಕೊಂಡು ಅಗುಳನ್ನು ಹಿಸುಕಿ ನೋಡಿದರು. ಅವರ ಮುಖ ಕೆಂಪಾಯಿತು.

"ಇದನ್ನ ಯಾರು ತಂದಿಟ್ಟೋರು? ಇದು ನಮ್ಮ ಮನೇದು!"

ಎಲ್ಲರೂ ತಿರುಗಿ ನೋಡಿದರು. ದೊಡ್ಡಮ್ಮನಿಗೆ ಅವಮಾನವಾಗಿತ್ತು, ದನಿ ಏರಿತು. "ನಮ್ಮ ಪತ್ತಾಯದ ತಳದ ಭತ್ತ ಇದು. ಲಕ್ಕಿ ವಾಸನೆ ನನಗೆ ಗೊತ್ತಾಗಲ್ವಾ? ಇಂಥದ್ದನ್ನ ನಾನು ಮಕ್ಕಳಿಗೆ ಕಳಿಸ್ತೀನಾ? ಕೆಲಸದೋಳು ಯಾವಳೋ ಕಟ್ಟಿ ಕಳಿಸಿರಬೇಕು. ಟೀಚರೇ, ದೇವರಾಣೆ, ನಾನು ಕಳಿಸಿದ್ದಲ್ಲ ಇದು."

"ನೀವು ಕಳಿಸಿದ್ದಲ್ಲ ದೊಡ್ಡಮ್ಮ," ಅಂದೆ. "ಅದು ಹಾಡಿಯ ಗಂಟಿನದು."

ಬಾಗಿಲ ಹೊರಗೆ, ಸೂರಿನ ನೀರು ಬೀಳುವ ಕಡೆ, ಮುದುಕಿ ತಲೆಗೆ ಗೋಣಿ ಹೊದ್ದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕದ್ದರು ಎಂಬ ಮಾತು ಈಗ ಬರಬೇಕು, ಈಗ ಬರಬೇಕು ಎಂದು ಕಾದೆ. ದೊಡ್ಡಮ್ಮನ ಕೈ ಸೊಂಟದ ಬೀಗದ ಕೈ ಗೊಂಚಲಿಗೆ ಹೋಯಿತು.

"ಕೀ ನನ್ನತ್ರಾನೇ ಐತೆ," ಅಂದರು, ಯಾರಿಗೆ ಹೇಳುತ್ತಿದ್ದರೋ. "ತಳದ್ದನ್ನ ಎಮ್ಮೆಗೆ ಬೇಯಿಸಿ ಹಾಕಕ್ಕೆ ಅಂತ ಯಜಮಾನ್ರು ಇಸ್ಕೊಂಡ್ರು." ಆಮೇಲೆ ಬಾಗಿಲ ಕಡೆ ತಿರುಗಿ ಕೇಳಿದರು. "ಏ ಅಜ್ಜೀ, ಇದನ್ನೇ ಉಣ್ತೀರಾ ನೀವು?"

"ಹೂಂ ಅಮ್ಮಾ."

"ದಿನಾ?"

"ಭತ್ತ ಇರೋಗಂಟ ಉಣ್ತೀವಿ."

ದೊಡ್ಡಮ್ಮ ಅಂಗೈಯಲ್ಲಿದ್ದ ಕಂಜಿಯನ್ನು ಕೆಳಗೆ ಚೆಲ್ಲಲಿಲ್ಲ, ಬಾಯಿಗೆ ಹಾಕಿಕೊಂಡರು. ನುಂಗಲು ಕಷ್ಟವಾಗುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ನುಂಗಿದರು. ಬೇರೆ ಹೆಂಗಸರು ಮಡಕೆಗಳ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ದೊಡ್ಡಮ್ಮ ಕೈ ತೊಳೆದು ಮಳೆಯಲ್ಲೇ ಇಳಿದು ಹೋದರು. ಕೊಡೆ ನಮ್ಮ ಅಡುಗೆ ಕೋಣೆಯಲ್ಲೇ ಉಳಿಯಿತು.

ಮಧ್ಯಾಹ್ನದ ಸಭೆಗೆ ಅಧ್ಯಕ್ಷರು ತಡವಾಗಿ ಬಂದರು. ಮನೆಯಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಗೊತ್ತಿದ್ದವರೂ ಹೇಳಲಿಲ್ಲ. ನಾನು ಹಾಡಿಯ ಹೆಸರಾಗಲಿ ಗದ್ದೆಯ ಹೆಸರಾಗಲಿ ಎತ್ತದೆ ಒಂದೇ ಮಾತು ಹೇಳಿದೆ. ಕೆಟ್ಟದ್ದು ಅಕ್ಕಿಯಲ್ಲ, ಪದ್ಧತಿ. ಹಳೇ ಮಾಷ್ ಹೇಳಿದ ಹಾಗೆ ಮನೆಯವರು ಉಣ್ಣುವ ಅಕ್ಕಿಯಿಂದಲೇ ಹಿಡಿ ಬರಲಿ, ಎಲ್ಲರ ಮನೆಯಿಂದಲೂ ಬರಲಿ. ಅಧ್ಯಕ್ಷರು ಮೇಜಿನ ಗೀರು ನೋಡುತ್ತ, "ಹಾಗೇ ಮಾಡಿ" ಅಂದರು. ಆ ದಿನದಿಂದ ಅವರು ನನ್ನ ಜೊತೆ ಮೊದಲಿಗಿಂತ ಮೆದುವಾಗಿ ಮಾತಾಡತೊಡಗಿದರು, ನಾನೂ ಮೊದಲಿಗಿಂತ ಹುಷಾರಾಗಿದ್ದೆ. ಇನ್ಸ್‌ಪೆಕ್ಟರ್ ಆ ಮಳೆಗಾಲದಲ್ಲಿ ಬರಲೇ ಇಲ್ಲ. ವ್ಯಾಪಾರಿಯ ಮೂಟೆಗಳ ಮಾತು ಮತ್ತೆ ಬರಲಿಲ್ಲ. ಅವನ ಕಣ್ಣು ಆ ಜಾಗದ ಮೇಲಿತ್ತು ಎಂಬ ನನ್ನ ಅನುಮಾನಕ್ಕೆ ಇವತ್ತಿಗೂ ಆಧಾರವಿಲ್ಲ, ಅನುಮಾನ ಇವತ್ತಿಗೂ ಹೋಗಿಲ್ಲ.

ಸೋಮವಾರ ಹಾಡಿಯ ಮಕ್ಕಳು ಗಂಟು ಹಿಡಿದು ಬಂದರು. ಆ ಹುಡುಗಿಯ ಜೊತೆ ಅಜ್ಜಿಯೂ ಬಂದಿದ್ದಳು. ಮಿಲ್ಲಿನ ಚಾಳಿ ಎಲ್ಲಿಗೆ ಹೋಗುತ್ತದೆ, ನಾನು ಅವರ ಗಂಟು ಬಿಚ್ಚಿ ಮುಷ್ಟಿಗೆ ಉಸಿರು ಊದಿ ಮೂಸಿದೆ. ಮುಗ್ಗಲು ಇರಲಿಲ್ಲ. ಒಳ್ಳೆಯ, ಒಣಗಿದ ಕೆಂಪಕ್ಕಿ.

"ಈ ವಾರ ದೊಡ್ಡಮ್ಮನೇ ಬಂದು ನಿಂತು ಭತ್ತ ಅಳೆದ್ರು," ಅಂದಳು ಮುದುಕಿ. ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದಳು. "ಟೀಚರವ್ವಾ, ದೊಡ್ಡಮನೆ ಗಂಟೂ ಹಿಂಗೇ ಮೂಸ್ತೀರಾ?"

"ಮೊದಲು ಅದನ್ನೇ ಮೂಸಿದ್ದು."

"ನಾನೊಂದ್ಸಲ ಮೂಸಲಾ?"

ದೊಡ್ಡಮ್ಮ ಕಳಿಸಿದ್ದ ಗಂಟನ್ನು ಅವಳ ಮುಂದಿಟ್ಟೆ. ಮುಖವನ್ನು ಅದರ ಹತ್ತಿರ ತಂದು ಕಣ್ಣು ಮುಚ್ಚಿದಳು. ಸಣ್ಣ ಕಾಳಿನ ಗಂಧಕಸಾಲೆ, ಬಿಚ್ಚಿದರೆ ಕೋಣೆಯೆಲ್ಲ ಘಮ್ಮೆನ್ನುವ ಅಕ್ಕಿ.

"ಹೂವು ಬಿಡೋ ಕಾಲಕ್ಕೆ ಗದ್ದೆಲೆಲ್ಲಾ ಇದೇ ವಾಸನೆ," ಅಂದಳು. "ಸಣ್ಣೋಳಿಂದ ನಾಟಿ ಹಾಕಿವ್ನಿ, ಕುಯ್ದಿವ್ನಿ. ಉಂಡಿಲ್ಲ."

ಮಧ್ಯಾಹ್ನ ಉಂಡು ಹೋಗು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಮಕ್ಕಳದ್ದು ಅದು, ನಮ್ದಲ್ಲ" ಅಂದುಬಿಟ್ಟಳು. ಗಂಟುಗಳನ್ನು ಡಬ್ಬಕ್ಕೆ ಸುರಿದೆವು. ಅವತ್ತು ನಾನು ಅಕ್ಕಿಯನ್ನು ಜಾತಿವಾರು ಬೇರೆ ಮಾಡಲು ಹೋಗಲಿಲ್ಲ. ಕೆಂಪಕ್ಕಿ ಗಟ್ಟಿಯಾಗಿ, ಗಂಧಕಸಾಲೆ ಮೆತ್ತಗಾಗಿ ಬೆಂದವು. ಮಕ್ಕಳು ಮತ್ತೆ ಮತ್ತೆ ಹಾಕಿಸಿಕೊಂಡರು.

ಮುದುಕಿ ಹೋದಳು ಅಂದುಕೊಂಡಿದ್ದೆ. ಊಟ ಮುಗಿಸಿ ಮೊಮ್ಮಗಳು ಕೈ ತೊಳೆಯಲು ಹೊರಗೆ ಓಡಿದಾಗ ಸೂರಿನ ಕೆಳಗೆ ಕೂತಿದ್ದವಳು ಎದ್ದು ಬಂದು ಅವಳ ಮಣಿಕಟ್ಟು ಹಿಡಿದುಕೊಂಡಳು. ತೊಳೆಯಲು ಬಿಡಲಿಲ್ಲ. ಅಗುಳು ಅಂಟಿದ ಆ ಪುಟ್ಟ ಕೈಯನ್ನು ಮೂಗಿಗೆ ಹತ್ತಿರ ತಂದು, ಬಹಳ ಹೊತ್ತು, ಉಸಿರು ಒಳಗೆ ಎಳೆದುಕೊಳ್ಳುತ್ತ ನಿಂತಳು. ಹುಡುಗಿ ಕಚಗುಳಿಯಾಗಿ ನಗುತ್ತಿದ್ದಳು. ಆಮೇಲೆ ಕೈ ಬಿಟ್ಟು, ಗೋಣಿ ಹೊದ್ದು, ನಾಟಿಗೆ ಹೊತ್ತಾಯಿತೆಂದು ಗದ್ದೆಗೆ ಇಳಿದು ಹೋದಳು.